ಕಡೆಯ ಪುಟದ ಕಿರುಸಾಲು

ಯಾವುದಾದರೊಂದು ಪತ್ರಿಕೆಯನ್ನು ಕೈಗೆತ್ತಿಕೊಂಡು ಕಡೆಯ ಪುಟವನ್ನು ನೋಡಿ. ತೀರ ಕೆಳಗೆ, ಇರುವೆಯ ಸಾಲಿನಂತಹ ಸಣ್ಣ ಅಕ್ಷರಗಳಲ್ಲಿ ಒಂದು ವಾಕ್ಯವಿರುತ್ತದೆ. ಮುದ್ರಿಸಿದವರು ಯಾರು, ಪ್ರಕಟಿಸಿದವರು ಯಾರು, ಎಲ್ಲಿ ಅಚ್ಚಾಯಿತು, ಸಂಪಾದಕರು ಯಾರು ಎಂಬಷ್ಟೇ ವಿವರ. ಓದುಗರ ಕಣ್ಣು ಅಲ್ಲಿಯವರೆಗೆ ಹೋಗುವುದು ಅಪರೂಪ. ಆದರೆ ಪತ್ರಿಕೆಯ ಮೇಲೆ ಸಿಟ್ಟಾದವರೊಬ್ಬರು ವಕೀಲರ ಬಳಿಗೆ ಹೋದರೆ, ವಕೀಲರು ಮೊದಲು ಓದುವುದು ಆ ಸಾಲನ್ನೇ.

ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕಾರು ಗೆಳೆಯರು ಸೇರಿದಾಗ 'ನಮ್ಮದೇ ಒಂದು ಪತ್ರಿಕೆ ಯಾಕಾಗಬಾರದು?' ಎಂಬ ಮಾತು ಒಮ್ಮೆಯಾದರೂ ಏಳುತ್ತದೆ. ಕಥೆ ಬರೆಯುವವನು ಒಬ್ಬ, ಚಿತ್ರ ಬಿಡಿಸುವವಳು ಒಬ್ಬಳು, ಕ್ರಿಕೆಟ್ ಬಗ್ಗೆ ಬರೆಯುವವನು ಇನ್ನೊಬ್ಬ. ಹೆಸರು ಏನಿಡಬೇಕು, ಮುಖಪುಟ ಹೇಗಿರಬೇಕು ಎಂದು ರಾತ್ರಿಯೆಲ್ಲ ಚರ್ಚೆ ನಡೆಯುತ್ತದೆ. ಆ ಕಿರುಸಾಲಿನಲ್ಲಿ ಯಾರ ಹೆಸರು ಬರಬೇಕು ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ನಿಜವಾಗಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಹತ್ತು ಜನ ಬರೆಯಬಹುದು. ಆದರೆ ಹತ್ತು ಜನರ ಬರಹಕ್ಕೂ ಉತ್ತರ ಹೇಳಬೇಕಾದವನು ಒಬ್ಬನಿರುತ್ತಾನೆ. ಸ್ವತಂತ್ರ ಪತ್ರಿಕೆಯ ಸುಖ, ಸಂಕಟ ಎರಡೂ ಇಲ್ಲಿಂದಲೇ ಶುರು.

ಇದನ್ನು ತಿಳಿಯಲು ಭಾರತದ ಮೊದಲ ಪತ್ರಿಕೆಯ ಕಥೆಗಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಜೇಮ್ಸ್ ಆಗಸ್ಟಸ್ ಹಿಕಿ ಐರ್ಲೆಂಡಿನವನು. ಕಲ್ಕತ್ತೆಗೆ ಬಂದು ಹಡಗಿನ ವ್ಯಾಪಾರಕ್ಕೆ ಕೈಹಾಕಿ, ನಷ್ಟವಾಗಿ, 1776ರಲ್ಲಿ ಸಾಲಗಾರನಾಗಿ ಸೆರೆಮನೆ ಸೇರಿದ. ಅಲ್ಲಿದ್ದಾಗಲೇ ಒಂದು ಮುದ್ರಣಯಂತ್ರವನ್ನೂ ಅಚ್ಚಿನ ಮೊಳೆಗಳನ್ನೂ ಹೊಂದಿಸಿಕೊಂಡು ಸಣ್ಣಪುಟ್ಟ ಮುದ್ರಣದ ಕೆಲಸ ಆರಂಭಿಸಿದ. ಬಿಡುಗಡೆಯಾದ ಮೇಲೆ 1780ರ ಜನವರಿ 29, ಶನಿವಾರದಂದು 'ಹಿಕೀಸ್ ಬೆಂಗಾಲ್ ಗೆಜೆಟ್' ವಾರಪತ್ರಿಕೆಯನ್ನು ಹೊರಡಿಸಿದ. ಎಲ್ಲ ಪಕ್ಷದವರಿಗೂ ಈ ಪತ್ರಿಕೆ ತೆರೆದಿದೆ, ಯಾರ ಹಿಡಿತಕ್ಕೂ ಇದು ಸಿಗುವುದಿಲ್ಲ ಎಂಬುದು ಅದರ ಘೋಷಣೆಯ ತಾತ್ಪರ್ಯವಾಗಿತ್ತು.

ಕಲ್ಕತ್ತೆಯಲ್ಲಿ ಪತ್ರಿಕೆ ಹೊರಡಿಸುವ ಯೋಚನೆ ಹಿಕಿಗಿಂತ ಮೊದಲೇ ಒಬ್ಬನಿಗೆ ಬಂದಿತ್ತು. 1768ರಲ್ಲಿ ವಿಲಿಯಂ ಬೋಲ್ಟ್ಸ್ ಎಂಬಾತ, ನಗರಕ್ಕೊಂದು ಮುದ್ರಣಾಲಯ ಬೇಕು, ತನ್ನ ಬಳಿ ಜನರಿಗೆ ತಿಳಿಸಬೇಕಾದ ಬೇಕಾದಷ್ಟು ಸಂಗತಿ ಇದೆ ಎಂದು ಪ್ರಕಟಣೆ ಅಂಟಿಸಿದ. ಈಸ್ಟ್ ಇಂಡಿಯಾ ಕಂಪನಿ ಅವನನ್ನು ಹಡಗು ಹತ್ತಿಸಿ ಯೂರೋಪಿಗೆ ಕಳುಹಿಸಿಬಿಟ್ಟಿತು. ಹಿಕಿಗೆ ಈ ಉದಾಹರಣೆ ಕಣ್ಣ ಮುಂದೆಯೇ ಇತ್ತು. ಆದ್ದರಿಂದ ಮೊದಮೊದಲು ಅವನು ರಾಜಕೀಯದ ತಂಟೆಗೆ ಹೆಚ್ಚು ಹೋಗಲಿಲ್ಲ.

ಅವನಿಗೆ ಮೊದಲ ಪೆಟ್ಟು ಬಿದ್ದದ್ದು ಬರಹದಿಂದಲ್ಲ, ಅಂಚೆಯಿಂದ. 1780ರ ನವೆಂಬರಿನಲ್ಲಿ 'ಇಂಡಿಯಾ ಗೆಜೆಟ್' ಎಂಬ ಇನ್ನೊಂದು ಪತ್ರಿಕೆ ಹುಟ್ಟಿತು. ಅದಕ್ಕೆ ಅಧಿಕಾರಿಗಳ ಕೃಪೆ ಇತ್ತು. ತಾನು ಲಂಚ ಕೊಡಲು ಒಪ್ಪದಿದ್ದದ್ದರಿಂದಲೇ ಕಂಪನಿಯ ಅಧಿಕಾರಿಯೊಬ್ಬ ಎದುರಾಳಿಯ ಬೆನ್ನಿಗೆ ನಿಂತಿದ್ದಾನೆ ಎಂದು ಹಿಕಿ ಆರೋಪಿಸಿ ಬರೆದ. ಆ ಬರಹದಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಪತ್ನಿಯ ಹೆಸರೂ ಬಂತು. ಅದೇ ತಿಂಗಳ 14ರಂದು ಆಡಳಿತ ಮಂಡಳಿ ಆಜ್ಞೆ ಹೊರಡಿಸಿತು: ಹಿಕಿಯ ಪತ್ರಿಕೆಯನ್ನು ಅಂಚೆಯಲ್ಲಿ ಸಾಗಿಸಕೂಡದು.

ಪತ್ರಿಕೆ ನಡೆಸುವ ಕಷ್ಟವೆಂದರೆ ಬರೆಯುವ ಕಷ್ಟ ಎಂದು ತಿಳಿದವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬರಹ ಎಷ್ಟೇ ಚೆನ್ನಾಗಿರಲಿ, ಅದು ಓದುಗನ ಮನೆ ತಲಪದಿದ್ದರೆ ಏನು ಫಲ? ಹಿಕಿ ಸುಮ್ಮನೆ ಕೂರಲಿಲ್ಲ. ಪತ್ರಿಕೆ ಹಂಚಲು 20 ಮಂದಿ ಹರಿಕಾರರನ್ನು ಗೊತ್ತುಮಾಡಿದ. ಆದರೆ ಊರಾಚೆಯ ಚಂದಾದಾರರನ್ನು ಹರಿಕಾರರ ಕಾಲುಗಳು ಮುಟ್ಟುವುದು ಹೇಗೆ? ಆದಾಯ ಕುಗ್ಗಿತು, ಖರ್ಚು ಹೆಚ್ಚಿತು, ಲೇಖನಿಯ ಮೊನೆ ಇನ್ನಷ್ಟು ಹರಿತವಾಯಿತು.

ಆಮೇಲಿನದು ನ್ಯಾಯಾಲಯದ ಅಧ್ಯಾಯ. ಗೆಜೆಟ್‌ನಲ್ಲಿ ಗುಪ್ತನಾಮಗಳಲ್ಲಿ ಬರೆದ ಪತ್ರಗಳು, ಬಿರುದು ಕೊಟ್ಟು ಅಣಕಿಸುವ ಬರಹಗಳು ತುಂಬಿರುತ್ತಿದ್ದವು. ಕೆಲವದರಲ್ಲಿ ಸತ್ಯವಿತ್ತು, ಕೆಲವು ಬರಿಯ ಚುಚ್ಚುಮಾತು. ಗವರ್ನರ್ ಜನರಲ್ ಹೇಸ್ಟಿಂಗ್ಸ್, ಮತ್ತು ಅನಾಥರ ನಿಧಿಯ ಹಣ ತಿಂದನೆಂಬ ಆರೋಪಕ್ಕೆ ಗುರಿಯಾದ ಕ್ರೈಸ್ತ ಪಾದ್ರಿ ಕೀರ್ನಾಂಡರ್, 1781ರಲ್ಲಿ ಹಿಕಿಯ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. ಗುಪ್ತನಾಮದವರು ಯಾರೂ ಕಟಕಟೆ ಹತ್ತಲಿಲ್ಲ. ಹತ್ತಿದವನು ಹಿಕಿ ಒಬ್ಬನೇ. ಏಕೆಂದರೆ ಪತ್ರಿಕೆಯ ಮೇಲಿದ್ದದ್ದು ಅವನ ಹೆಸರು.

ಶಿಕ್ಷೆಯಾಯಿತು. ಸೆರೆಮನೆಯಿಂದಲೇ ಅವನು ತಿಂಗಳುಗಟ್ಟಲೆ ಪತ್ರಿಕೆ ನಡೆಸಿದ. ಮತ್ತೆ ಮೊಕದ್ದಮೆಗಳು ಬಿದ್ದವು. ಕೊನೆಗೆ 1782ರ ಮಾರ್ಚ್ 30ರಂದು ಅವನ ಅಚ್ಚಿನ ಮೊಳೆಗಳನ್ನೇ ಜಪ್ತಿ ಮಾಡಿದರು. ಅವು ಹರಾಜಿಗೆ ಬಂದು ಎದುರಾಳಿ 'ಇಂಡಿಯಾ ಗೆಜೆಟ್' ಪಾಲಾದವು. ಭಾರತದ ಮೊದಲ ಪತ್ರಿಕೆ ಬದುಕಿದ್ದು ಎರಡು ವರ್ಷ ಎರಡು ತಿಂಗಳು. ಹಿಕಿ ಬಡತನದಲ್ಲಿ ದಿನ ಕಳೆದು, 1802ರಲ್ಲಿ ಚೀನಾದತ್ತ ಹೊರಟ ಹಡಗಿನಲ್ಲಿ ಸತ್ತ.

ಹಿಕಿ ಸಂತನೇನಲ್ಲ. ಹಲವರ ಖಾಸಗಿ ಬದುಕನ್ನು ಅವನು ಬೀದಿಗೆಳೆದ. ಆದರೆ ಅಧಿಕಾರದಲ್ಲಿದ್ದವರನ್ನು ಪ್ರಶ್ನಿಸುವ ದಾರಿಯನ್ನು ಈ ನೆಲದಲ್ಲಿ ಮೊದಲು ತುಳಿದವನೂ ಅವನೇ. ಅವನ ಪತ್ರಿಕೆಯನ್ನು ಮುಗಿಸಿದ್ದು ಮೂರು ಸಂಗತಿ: ಹಂಚಿಕೆ ಇನ್ನೊಬ್ಬರ ಕೈಯಲ್ಲಿತ್ತು, ಹಣದ ಗಂಟು ಚಿಕ್ಕದಿತ್ತು, ಬೇರೆಯವರು ಬರೆದದ್ದಕ್ಕೆಲ್ಲ ತಾನೇ ತಲೆಕೊಡಬೇಕಾದಾಗ, ಯಾವುದು ಸಾಬೀತಾಗುವ ಮಾತು, ಯಾವುದು ಚಾಡಿ ಎಂದು ಅವನು ಜರಡಿ ಹಿಡಿದಿರಲಿಲ್ಲ. ಇನ್ನೂರ ನಲವತ್ತು ವರ್ಷಗಳ ಮೇಲೆಯೂ ಸಣ್ಣ ಪತ್ರಿಕೆಗಳು ಮುಗ್ಗರಿಸುವುದು ಈ ಮೂರು ಕಲ್ಲುಗಳಿಗೇ.

ಇನ್ನು ಆ ಕಿರುಸಾಲಿಗೆ ಬರೋಣ. ಅದರ ಹುಟ್ಟಿಗೂ ಕನ್ನಡ ನಾಡಿಗೂ ಒಂದು ನಂಟಿದೆ. 1799ರ ಮೇ ತಿಂಗಳು. ಟಿಪ್ಪು ಸುಲ್ತಾನನ ಮೇಲಿನ ಕೊನೆಯ ಯುದ್ಧದಲ್ಲಿ ಆ ತಿಂಗಳ 4ರಂದು ಶ್ರೀರಂಗಪಟ್ಟಣ ಬಿತ್ತು. ಯುದ್ಧದ ಸುದ್ದಿ ಪತ್ರಿಕೆಗಳ ಮೂಲಕ ಫ್ರೆಂಚರಿಗೆ ತಿಳಿದೀತೆಂಬ ಆತಂಕದಲ್ಲಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ ಅದೇ ತಿಂಗಳು ಕಲ್ಕತ್ತೆಯಲ್ಲಿ ಪತ್ರಿಕಾ ನಿಯಮ ಜಾರಿಗೆ ತಂದ. ಅಚ್ಚಿಗೆ ಮೊದಲು ಸರ್ಕಾರದ ಕಾರ್ಯದರ್ಶಿಗೆ ತೋರಿಸಬೇಕು; ಪ್ರತಿಯೊಂದು ಪತ್ರಿಕೆಯ ಕೆಳಗೆ ಮುದ್ರಕನ ಹೆಸರಿರಬೇಕು. ಮೊದಲೇ ತೋರಿಸುವ ನಿಯಮ 1818ರಲ್ಲಿ ಹೋಯಿತು. ಹೆಸರು ಹಾಕುವ ಪದ್ಧತಿ ಮಾತ್ರ ಉಳಿಯಿತು.

1823ರಲ್ಲಿ ಪತ್ರಿಕೆಗೆ ಸರ್ಕಾರದ ಪರವಾನಗಿ ಬೇಕು ಎಂಬ ಕಾನೂನು ಬಂದಾಗ ರಾಜಾ ರಾಮಮೋಹನ ರಾಯರು ತಮ್ಮ ಪರ್ಷಿಯನ್ ವಾರಪತ್ರಿಕೆ 'ಮಿರಾತ್-ಉಲ್-ಅಖ್ಬಾರ್' ಅನ್ನು ನಿಲ್ಲಿಸಿಬಿಟ್ಟರು. ಬೇಡಿ ಪಡೆದ ಅನುಮತಿಯಲ್ಲಿ ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂದು ಅವರ ನಿಲುವು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತಂದಾಗ ಆ ಪರವಾನಗಿ ಕಾನೂನು ರದ್ದಾಗಿ ಎಂಟು ವರ್ಷ ಕಳೆದಿತ್ತು. ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನವಾಗಿರುವುದು ಆ ನೆನಪಿಗಾಗಿ.

ಮೈಸೂರು ಸಂಸ್ಥಾನಕ್ಕೂ ಇಂಥ ಕಾಲ ಬಂದಿತು. ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರನ್ನು ಜನ ಪ್ರೀತಿಯಿಂದ 'ತಾತಯ್ಯ' ಎನ್ನುತ್ತಿದ್ದರು. ಪಾಠ ಹೇಳುವ ಮೇಷ್ಟರೇ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಮುಂತಾದ ಹಲವು ಪತ್ರಿಕೆಗಳ ಬೆನ್ನೆಲುಬಾಗಿದ್ದರು. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕೆಗಳಿಗೆ ಕಡಿವಾಣ ಹಾಕುವ ಕಾನೂನು ಬಂದಾಗ ಸಂಸ್ಥಾನದ ಪತ್ರಕರ್ತರು ಪ್ರತಿಭಟಿಸಿದರು, ಪತ್ರಿಕೆಗಳು ನಿಂತವು. ಹೆಸರು ಹಾಕುವುದೆಂದರೆ ಏನೆಂದು ಆ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು.

ಈಗಿನ ಕಾನೂನು ಏನನ್ನುತ್ತದೆ? ಸಂವಿಧಾನದ 19ನೇ ವಿಧಿ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ಪತ್ರಿಕೆಗಳಿಗೆಂದು ಅದರಲ್ಲಿ ಪ್ರತ್ಯೇಕ ಹಕ್ಕಿಲ್ಲ. ಲಕ್ಷ ಪ್ರತಿಯ ದೈನಿಕಕ್ಕೆ ಇರುವ ಸ್ವಾತಂತ್ರ್ಯವೇ ಮುನ್ನೂರು ಪ್ರತಿಯ ಕಾಲೇಜು ಪತ್ರಿಕೆಗೂ ಇದೆ. ಹೊಣೆಯೂ ಅಷ್ಟೇ. ದೊಡ್ಡವರಿಗಾದರೆ ವಕೀಲರ ಪಡೆ ಇರುತ್ತದೆ, ಚಿಕ್ಕವರಿಗೆ ಇರುವುದಿಲ್ಲ, ವ್ಯತ್ಯಾಸ ಇಷ್ಟೇ.

1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆ ಒಂದೂವರೆ ಶತಮಾನ ಬಾಳಿತು. ಪ್ರಾಪ್ತ ವಯಸ್ಸಿಗೆ ಬಾರದವರು ಪತ್ರಿಕೆಯ ಸಂಪಾದಕರಾಗುವಂತಿಲ್ಲ ಎಂದು ಅದು ಹೇಳಿತ್ತು. ಅದರ ಜಾಗಕ್ಕೆ 2023ರ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ ಬಂದಿದ್ದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ನಿಗದಿತ ಕಾಲಕ್ಕೆ ಮುದ್ರಣಗೊಂಡು, ಸಾರ್ವಜನಿಕ ಸುದ್ದಿಯನ್ನೋ ಅದರ ಮೇಲಿನ ಅಭಿಪ್ರಾಯವನ್ನೋ ಪ್ರಕಟಿಸುವ ಪತ್ರಿಕೆ ನೋಂದಣಿಯಾಗಬೇಕು. ಪುಸ್ತಕಗಳು ಹಾಗೂ ವೈಜ್ಞಾನಿಕ, ತಾಂತ್ರಿಕ, ಶೈಕ್ಷಣಿಕ ನಿಯತಕಾಲಿಕೆಗಳು ಇದಕ್ಕೆ ಹೊರತು. ಅರ್ಜಿಯನ್ನು ಈಗ ಕಂಪ್ಯೂಟರ್ ಮೂಲಕವೇ ಸಲ್ಲಿಸಬಹುದು. ನೋಂದಣಿಯಿಲ್ಲದೆ ನಡೆಸಿ, ನಿಲ್ಲಿಸೆಂದು ಆದೇಶ ಬಂದು ಆರು ತಿಂಗಳಾದರೂ ನಿಲ್ಲಿಸದಿದ್ದರೆ ಸೆರೆವಾಸದ ಶಿಕ್ಷೆಯೂ ಉಂಟು.

ಕಾಲೇಜಿನ ಕೈಬರಹದ ಗೋಡೆ ಪತ್ರಿಕೆ ಮುದ್ರಿತವಲ್ಲ. ಅದಕ್ಕೆ ಈ ನೋಂದಣಿಯ ಗೊಡವೆ ಇಲ್ಲ. ಹಾಗೆಂದು ಬೇರೆ ಕಾನೂನುಗಳಿಂದ ಅದಕ್ಕೆ ಬಿಡುಗಡೆಯಿಲ್ಲ. ಗೋಡೆಗೆ ಅಂಟಿಸಿದರೂ, ಕಾಗದದಲ್ಲಿ ಅಚ್ಚು ಹಾಕಿದರೂ, ಮೊಬೈಲ್ ತೆರೆಯ ಮೇಲೆ ಹಂಚಿದರೂ ಮಾನನಷ್ಟ ಮಾನನಷ್ಟವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ವಿಧಿಸಬಹುದು. 'ಬರೆದದ್ದು ನಿಜ ತಾನೇ?' ಎಂದಷ್ಟೇ ಹೇಳಿದರೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಲದು. ಅದು ನಿಜವೂ ಆಗಿರಬೇಕು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕರ ಒಳಿತಿಗಾಗಿಯೂ ಇರಬೇಕು.

ವಿದ್ಯಾರ್ಥಿಗಳು ಸುಲಭವಾಗಿ ಎಡವುವ ಇನ್ನೊಂದು ಜಾಗವಿದೆ. ಶಾಲೆಯಲ್ಲೊಂದು ಕೆಟ್ಟ ಘಟನೆ ನಡೆಯಿತೆನ್ನಿ. ನೊಂದ ಹುಡುಗಿಗೆ ನ್ಯಾಯ ಸಿಗಲೆಂಬ ಸದುದ್ದೇಶದಿಂದಲೇ ಅವಳ ಹೆಸರು, ತರಗತಿ, ಶಾಲೆ ಎಲ್ಲವನ್ನೂ ಬರೆದುಬಿಡುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇದನ್ನು ನಿಷೇಧಿಸಿದೆ. ನೊಂದ ಮಗು, ಸಾಕ್ಷಿ ಹೇಳುವ ಮಗು, ತಪ್ಪು ಮಾಡಿದೆ ಎನ್ನಲಾದ ಮಗು, ಯಾರ ಗುರುತೂ ಸಿಗುವಂತೆ ಬರೆಯಬಾರದು. ಶಾಲೆಯ ಹೆಸರನ್ನು ಕೂಡ ಹೇಳಬಾರದು. ಇಲ್ಲಿ ಕಾನೂನೂ ಕರುಣೆಯೂ ಒಂದೇ ಮಾತು ಹೇಳುತ್ತವೆ.

ಚಿತ್ರಗಳ ವಿಷಯದಲ್ಲಿಯೂ ಉದಾಸೀನವೇ ಹೆಚ್ಚು. ಎಲ್ಲಿಂದಲೋ ಸಿಕ್ಕಿದ ಒಳ್ಳೆಯ ಫೋಟೋ ಮುಖಪುಟಕ್ಕೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೋ ತೆಗೆದವನ ಜೀವಮಾನ ಮತ್ತು ಅನಂತರದ 60 ವರ್ಷದವರೆಗೆ ಅದಕ್ಕೆ ಒಡೆತನವಿದೆ. ಲೇಖಕನ ಬರಹಕ್ಕೂ ಅವನ ಜೀವಮಾನ ಮತ್ತು ಅನಂತರದ 60 ವರ್ಷ. 'ಕೃಪೆ' ಎಂದು ಕೆಳಗೆ ಹಾಕಿದ ಮಾತ್ರಕ್ಕೆ ಅನುಮತಿ ಪಡೆದಂತಾಗುವುದಿಲ್ಲ. ಹಾಗೆಯೇ, ಪತ್ರಿಕೆಗೆ ಕಥೆ ಕೊಟ್ಟ ಗೆಳತಿ ಕಥೆಯ ಒಡೆತನವನ್ನೂ ಕೊಟ್ಟಳೆಂದು ತಿಳಿಯಬಾರದು. ಒಡೆತನ ವರ್ಗಾಯಿಸಲು ಬರವಣಿಗೆಯ ಕರಾರು ಬೇಕು.

ಕರಾರು ಎಂದೊಡನೆ ತಂದೆ ತಾಯಿಯರು ಕಿವಿಗೊಡಬೇಕು. 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ. 1903ರಲ್ಲಿ ಮೊಹೊರಿ ಬೀಬಿ ಮತ್ತು ಧರ್ಮದಾಸ ಘೋಷ್ ಎಂಬವರ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೀಗೆಂದು ತೀರ್ಪಿತ್ತಿತು. ಅದು ಈಗಲೂ ಊರ್ಜಿತ. ಆದ್ದರಿಂದ ಹದಿನಾರರ ಹುಡುಗ ಮುದ್ರಣಾಲಯಕ್ಕೆ ಬರೆದುಕೊಟ್ಟ ಕಾಗದದ ಹಿಂದೆ ಹಿರಿಯರೊಬ್ಬರ ಸಹಿ ಬಂದೇ ಬರುತ್ತದೆ. ಸಹಿ ಹಾಕುವ ಮೊದಲು ಸಂಚಿಕೆಯನ್ನು ಪೂರ್ತಿ ಓದುವುದು ಅವರ ಹಕ್ಕು ಮಾತ್ರವಲ್ಲ, ಕರ್ತವ್ಯ.

ಹಣದ ಲೆಕ್ಕವನ್ನೂ ಒಮ್ಮೆ ನೋಡೋಣ. ಒಂದು ಪ್ರತಿಗೆ 25 ರೂಪಾಯಿ ಖರ್ಚಿನಲ್ಲಿ 300 ಪ್ರತಿ ಅಚ್ಚು ಹಾಕಿಸಿದರು ಎನ್ನೋಣ. ಒಟ್ಟು 7,500 ರೂಪಾಯಿ ಆಯಿತು. ಬೆಲೆ 20 ರೂಪಾಯಿ ಇಟ್ಟು 200 ಪ್ರತಿ ಮಾರಿದರೆ ಬಂದದ್ದು 4,000. ಉಳಿದ 3,500 ಎಲ್ಲಿಂದ? ಊರಿನ ಕೋಚಿಂಗ್ ತರಗತಿಯೊಂದು ಅಷ್ಟೂ ಹಣಕ್ಕೆ ಜಾಹೀರಾತು ಕೊಡಲು ಮುಂದೆ ಬರುತ್ತದೆ. ಒಳ್ಳೆಯದೇ ಆಯಿತು. ಆದರೆ ಮುಂದಿನ ಸಂಚಿಕೆಯಲ್ಲಿ ಕೋಚಿಂಗ್ ಶುಲ್ಕದ ಬಗ್ಗೆ ಲೇಖನ ಬರೆಯಬೇಕೆಂದು ಯಾರಾದರೂ ಹೇಳಿದಾಗ ಸಂಪಾದಕನ ಕೈ ನಡುಗುತ್ತದೆ. ಹಿಕಿಗೆ ಅಂಚೆ ಹೇಗೋ, ಇವನಿಗೆ ಈ ಒಂದೇ ಜಾಹೀರಾತು ಹಾಗೆ. ಐನೂರರಂತೆ ಏಳು ಕಡೆಯಿಂದ ಬಂದ ಹಣ, ಒಂದೇ ಕಡೆಯಿಂದ ಬಂದ 3,500ಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಅದಕ್ಕೂ ಮೊದಲಿನ ಉಪಾಯವೆಂದರೆ ಹಾಸಿಗೆ ಇದ್ದಷ್ಟು ಕಾಲು ಚಾಚುವುದು. 200 ಪ್ರತಿ ಮಾರುವ ಕಡೆ 300 ಅಚ್ಚು ಹಾಕದಿರುವುದು.

ಇಷ್ಟೆಲ್ಲ ಕೇಳಿದ ಮೇಲೆ, 'ಈ ತಾಪತ್ರಯವೇ ಬೇಡ, ಪರೀಕ್ಷೆಗೆ ಓದಿಕೋ' ಎಂದು ಮಗನಿಗೆ ಹೇಳಲು ತಾಯಿಗೆ ಮನಸ್ಸಾದರೆ ತಪ್ಪಲ್ಲ. ಆದರೆ ಕಾನೂನು ಸಣ್ಣವರ ಪಾಲಿಗೆ ಬರಿಯ ಬೆದರುಗೊಂಬೆಯಲ್ಲ, ಆಸರೆಯೂ ಹೌದು. ಮರಣದಂಡನೆಗೆ ಗುರಿಯಾಗಿದ್ದ 'ಆಟೋ' ಶಂಕರ್ ಎಂಬ ಕೈದಿಯ ಆತ್ಮಕಥೆಯನ್ನು ಪ್ರಕಟಿಸಲು ಮದರಾಸಿನ ತಮಿಳು ವಾರಪತ್ರಿಕೆ 'ನಕ್ಕೀರನ್' ಹೊರಟಿತು. ಕೆಲವು ಅಧಿಕಾರಿಗಳಿಗೂ ಆ ಕೈದಿಗೂ ಇದ್ದ ನಂಟು ಅದರಲ್ಲಿ ಬಯಲಾಗುತ್ತದೆ ಎಂದು ಪತ್ರಿಕೆ ಹೇಳಿತ್ತು. ಪ್ರಕಟಿಸಕೂಡದೆಂದು ಕಾರಾಗೃಹ ಇಲಾಖೆಯಿಂದ ಪತ್ರ ಬಂತು. ಸಂಪಾದಕ ಆರ್. ರಾಜಗೋಪಾಲ್ ಸುಪ್ರೀಂ ಕೋರ್ಟಿಗೆ ಹೋದರು. ಮಾನನಷ್ಟವಾದೀತೆಂಬ ಭಯದಿಂದ ಸರ್ಕಾರವಾಗಲಿ ಅಧಿಕಾರಿಗಳಾಗಲಿ ಪ್ರಕಟಣೆಯನ್ನು ಮೊದಲೇ ತಡೆಯುವಂತಿಲ್ಲ ಎಂದು ನ್ಯಾಯಾಲಯ 1994ರ ಅಕ್ಟೋಬರ್ 7ರಂದು ತೀರ್ಪು ಕೊಟ್ಟಿತು. ಸಾರ್ವಜನಿಕ ದಾಖಲೆಗಳಲ್ಲಿ ಇರುವಷ್ಟನ್ನು ಯಾರ ಒಪ್ಪಿಗೆಯೂ ಇಲ್ಲದೆ ಪ್ರಕಟಿಸಬಹುದು. ಅದನ್ನು ದಾಟಿ ಒಬ್ಬರ ಖಾಸಗಿ ಬದುಕಿಗೆ ಕೈಹಾಕಿದರೆ ಹೊಣೆ ಪತ್ರಿಕೆಯದು ಎಂಬ ಎಚ್ಚರಿಕೆಯೂ ಅದೇ ತೀರ್ಪಿನಲ್ಲಿದೆ. ಬಾಯಿ ಮುಚ್ಚಿಸುವ ಕೈಯನ್ನು ನ್ಯಾಯಾಲಯ ತಡೆಯಿತು. ಆಡಿದ ಮಾತಿನ ಹೊಣೆಯನ್ನು ಮಾತ್ರ ಆಡಿದವನ ತಲೆಯ ಮೇಲೆಯೇ ಇಟ್ಟಿತು.

ಹಾಗಾದರೆ ಪತ್ರಿಕೆ ಮಾಡಬೇಕೆಂಬ ವಿದ್ಯಾರ್ಥಿಗಳು ಎಲ್ಲಿಂದ ಶುರು ಮಾಡಬೇಕು? ದುಬಾರಿ ಕಂಪ್ಯೂಟರಿನಿಂದಲ್ಲ, ಎರಡು ನೋಟುಪುಸ್ತಕಗಳಿಂದ. ಒಂದರಲ್ಲಿ ಪೈಸೆ ಪೈಸೆಯ ಲೆಕ್ಕ. ಇನ್ನೊಂದರಲ್ಲಿ ಪ್ರತಿ ಬರಹದ ಲೆಕ್ಕ: ಬರೆದವರ ನಿಜವಾದ ಹೆಸರು, ಸಂಗತಿ ತಿಳಿದದ್ದು ಹೇಗೆ, ಆರೋಪಕ್ಕೆ ಒಳಗಾದವರನ್ನು ಕೇಳಲಾಯಿತೆ, ಅವರು ಕೊಟ್ಟ ಉತ್ತರವೇನು, ಚಿತ್ರಕ್ಕೆ ಅನುಮತಿ ಸಿಕ್ಕಿತೆ. ಕಾವ್ಯನಾಮ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಆ ಕಾವ್ಯನಾಮದ ಹಿಂದಿರುವ ಮುಖ ಸಂಪಾದಕನಿಗೆ ಗೊತ್ತಿರಬೇಕು. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿಯೇ, ಕಾಣುವ ಜಾಗದಲ್ಲಿ ತಿದ್ದುಪಡಿ ಹಾಕಬೇಕು. ಎಷ್ಟೋ ಜಗಳಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆ ಅಲ್ಲಿಯೇ ತಣ್ಣಗಾಗುತ್ತವೆ.

ಇವೆಲ್ಲ ಪತ್ರಕರ್ತರಾಗುವವರಿಗೆ ಮಾತ್ರ ಬೇಕಾದ ಅಭ್ಯಾಸಗಳಲ್ಲ. ಹೇಳುವ ಮೊದಲು ವಿಚಾರಿಸುವುದು, ಹೇಳಿದ್ದಕ್ಕೆ ಬದ್ಧರಾಗಿರುವುದು, ತಪ್ಪಿದ್ದರೆ ಒಪ್ಪಿಕೊಳ್ಳುವುದು, ಯಾವ ಪಠ್ಯಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸದ ಪಾಠಗಳು ಇವು. ಮುಂದಿನ ಸಲ ಹಾಸ್ಟೆಲಿನ ಕೋಣೆಯಲ್ಲಿ ಪತ್ರಿಕೆಯ ಮಾತೆದ್ದಾಗ ಗೆಳೆಯರು ಮುಖಪುಟವನ್ನು ಸ್ವಲ್ಪ ಬದಿಗಿಟ್ಟು ಕಡೆಯ ಪುಟದಿಂದ ಆರಂಭಿಸಲಿ. ಕೆಳಗಿನ ಕಿರುಸಾಲಿನಲ್ಲಿ ತನ್ನ ಹೆಸರು ಬರೆಯಲು ಒಬ್ಬರಾದರೂ ಧೈರ್ಯವಾಗಿ ಮುಂದೆ ಬಂದರೆ, ಮತ್ತು ಅವರು ಮೇಲಿನ ಪುಟಗಳನ್ನೆಲ್ಲ ಓದಿದ ಮೇಲೆಯೂ ಆ ಹೆಸರನ್ನು ಅಳಿಸದಿದ್ದರೆ, ಪತ್ರಿಕೆ ಅಚ್ಚಿಗೆ ಹೋಗಬಹುದು.